ಬೋನೋ, ಗೂಡೋ? ಗ್ರೇಹೌಂಡ್ ಕ್ರೇಟಿನ ಚಿಲಕ ತೆಗೆಯುವ ಹೊತ್ತು



ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್, ಇಲ್‌ಫರ್ಡ್ ಕಡೆಯ ನಮ್ಮವರ ಮನೆಗಳಲ್ಲಿ ಈಚೆಗೆ ಅಲ್ಲೊಂದು ಇಲ್ಲೊಂದು ಉದ್ದ ಮೂತಿಯ, ಸಣ್ಣ ಸೊಂಟದ, ಸದ್ದಿಲ್ಲದೆ ಓಡಾಡುವ ನಾಯಿ ಕಾಣಸಿಗುತ್ತದೆ. ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್. ಅದರ ಜೊತೆಗೇ ಹಾಲಿನ ಮೂಲೆಯಲ್ಲಿ ಇನ್ನೊಂದು ವಸ್ತುವೂ ಇರುತ್ತದೆ: ನಾಲ್ಕಡಿ ಉದ್ದದ ತಂತಿಯ ಪೆಟ್ಟಿಗೆ. ಇಲ್ಲಿಯವರು ಅದನ್ನು ಕ್ರೇಟ್ ಅನ್ನುತ್ತಾರೆ. ಊರಿಂದ ಬಂದ ಅಮ್ಮ ಮಾತ್ರ ಮೊದಲ ದಿನವೇ ಅದಕ್ಕೆ ಕನ್ನಡದ ಹೆಸರು ಇಟ್ಟುಬಿಡುತ್ತಾರೆ: "ಯಾಕಪ್ಪಾ, ಆ ಮೂಕಪ್ರಾಣೀನ ಬೋನಿಗೆ ಹಾಕಿದೀರಿ?"

ಮಗನ ಹತ್ತಿರ ಉತ್ತರ ಸಿದ್ಧವಾಗಿರುತ್ತದೆ. "ಅದು ಬೋನಲ್ಲಮ್ಮಾ, ಅದರ ಗೂಡು. ನಾಯಿಗೆ ಅದೇ ಇಷ್ಟ."

ಇಬ್ಬರಲ್ಲಿ ಯಾರ ಮಾತು ನಿಜ? ಪೆಟ್ಟಿಗೆಯೇನೋ ಒಂದೇ. ಬಾಗಿಲು ತೆರೆದಿದ್ದು ನಾಯಿ ತಾನಾಗಿಯೇ ಒಳಗೆ ಹೋಗಿ ಮಲಗಿದರೆ ಅದು ಗೂಡು. ಹೊರಗೆ ಬರಬೇಕು ಅನಿಸಿದಾಗ ಚಿಲಕ ಅಡ್ಡ ಬಂದರೆ ಅದು ಬೋನು. ಹಾಗಾಗಿ ಕ್ರೇಟ್ ಒಳ್ಳೆಯದೋ ಕೆಟ್ಟದ್ದೋ ಅಂತ ವಾದ ಮಾಡುತ್ತಾ ಕೂರುವುದಕ್ಕಿಂತ, ಚಿಲಕ ಹಾಕುವುದನ್ನು ಯಾವಾಗ ನಿಲ್ಲಿಸಬೇಕು ಅಂತ ಕೇಳಿಕೊಳ್ಳುವುದು ಮೇಲು. ಕ್ರೇಟ್ ಕೊಂಡ ದಿನ ಎಲ್ಲರೂ "ಸ್ವಲ್ಪ ದಿನ ಅಷ್ಟೇ" ಅನ್ನುತ್ತಾರೆ. ಆ ಸ್ವಲ್ಪ ದಿನ ಯಾವತ್ತು ಮುಗಿಯಿತು ಅಂತ ಹೇಳುವವರು ಮಾತ್ರ ಯಾರೂ ಇಲ್ಲ!

ಈ ನಾಯಿ ಎಲ್ಲಿಂದ ಬಂತು?

ಬ್ರಿಟನ್ನಿನಲ್ಲಿ ಯಾಂತ್ರಿಕ ಮೊಲದ ಹಿಂದೆ ಗ್ರೇಹೌಂಡ್ ಓಡಿಸುವ ಆಟ ಶುರುವಾದದ್ದು 1926ರಲ್ಲಿ, ಮ್ಯಾಂಚೆಸ್ಟರಿನ ಬೆಲ್ ವ್ಯೂ ಅಂಗಳದಲ್ಲಿ. ಆಮೇಲೆ ಅದು ಲಂಡನ್ನಿನ ದುಡಿಯುವ ಜನರ ದೊಡ್ಡ ಮನರಂಜನೆಯಾಯಿತು. ಈಗ ಆ ಕಾಲ ಮುಗಿಯುತ್ತಾ ಬಂದಿದೆ. ವೈಟ್ ಸಿಟಿ 1984ರಲ್ಲಿ, ವಾಲ್ಥಮ್‌ಸ್ಟೋ 2008ರಲ್ಲಿ, ವಿಂಬಲ್ಡನ್ 2017ರಲ್ಲಿ, ಕ್ರೇಫರ್ಡ್ 2025ರ ಜನವರಿಯಲ್ಲಿ ಮುಚ್ಚಿದವು. ಕ್ರೇಫರ್ಡ್ ಮುಚ್ಚಿದ ಮೇಲೆ ಗ್ರೇಟರ್ ಲಂಡನ್ನಿನಲ್ಲಿ ಉಳಿದದ್ದು ರಾಮ್‌ಫರ್ಡ್ ಒಂದೇ. 2025ರ ಫೆಬ್ರವರಿಯಲ್ಲಿ ವೇಲ್ಸ್ ಸರ್ಕಾರ ಈ ಆಟವನ್ನೇ ನಿಷೇಧಿಸುವ ತೀರ್ಮಾನ ಪ್ರಕಟಿಸಿತು.

ಓಡುವ ನಾಯಿಗಳಲ್ಲಿ ಬಹುಪಾಲು ಹುಟ್ಟುವುದು ಐರ್ಲೆಂಡಿನಲ್ಲಿ. ಕಿವಿಯೊಳಗೆ ಹಚ್ಚೆ ಹಾಕಿಸಿಕೊಂಡು ಇಲ್ಲಿಗೆ ಬರುತ್ತವೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ ಓಟ ಮುಗಿಯುತ್ತದೆ. ಆಯಸ್ಸು ಇನ್ನೂ ಏಳೆಂಟು ವರ್ಷ ಬಾಕಿ ಇರುತ್ತದೆ. ಆಗ ಗ್ರೇಹೌಂಡ್ ಟ್ರಸ್ಟ್, ಬ್ಯಾಟರ್‌ಸೀ, ಡಾಗ್ಸ್ ಟ್ರಸ್ಟ್‌ನಂಥ ಸಂಸ್ಥೆಗಳು ಅದಕ್ಕೊಂದು ಮನೆ ಹುಡುಕುತ್ತವೆ.

ಆ ಮನೆಗೆ ಕಾಲಿಟ್ಟ ದಿನ ನಾಯಿಯ ಸ್ಥಿತಿ ಹೇಗಿರುತ್ತದೆ ಯೋಚಿಸಿ. ಬಹಳಷ್ಟು ನಾಯಿಗಳು ಅಲ್ಲಿಯವರೆಗೆ ಮೆಟ್ಟಿಲು ಹತ್ತಿರುವುದಿಲ್ಲ, ಗಾಜಿನ ಬಾಗಿಲು ಕಂಡಿರುವುದಿಲ್ಲ, ವಾಷಿಂಗ್ ಮಶೀನಿನ ಸದ್ದು ಕೇಳಿರುವುದಿಲ್ಲ. ಟೀವಿಯೊಳಗಿಂದ ಮನುಷ್ಯ ಯಾಕೆ ಮಾತಾಡುತ್ತಾನೆ ಅಂತ ಅದಕ್ಕೆ ಅರ್ಥವಾಗುವುದಿಲ್ಲ. ಮೊದಲ ಬಾರಿ ಆನ್‌ಸೈಟಿಗೆ ಬಂದು, ಫೆಬ್ರವರಿಯ ಚಳಿಯಲ್ಲಿ ಹೀಥ್ರೋದ ಹೊರಗೆ ಎರಡು ಸೂಟ್‌ಕೇಸ್ ಹಿಡಿದು ನಿಂತ ನಮ್ಮ ಹುಡುಗನ ಹಾಗೆ! ಇಂಥ ನಾಯಿಗೆ ಮೊದಲ ಕೆಲವು ವಾರ ಒಂದು ಸಣ್ಣ, ಗೊತ್ತಿರುವ ಜಾಗ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಜಾಗಕ್ಕೆ ಚಿಲಕ ಬೇಕೇ?

ಅಮೆರಿಕದ ಸಲಹೆ, ಲಂಡನ್ನಿನ ನಾಯಿ

ಇಲ್ಲೊಂದು ವಿಷಯವನ್ನು ನಮ್ಮವರು ಗಮನಿಸಬೇಕು. ಗ್ರೇಹೌಂಡಿಗೆ ಕ್ರೇಟ್ ಬೇಕೇ ಬೇಕು ಅನ್ನುವ ಪುಸ್ತಕ, ವೀಡಿಯೊಗಳಲ್ಲಿ ಬಹಳಷ್ಟು ಬಂದಿರುವುದು ಅಮೆರಿಕದಿಂದ. ಅಲ್ಲಿಯ ರೇಸಿನ ಕೆನಲ್‌ಗಳಲ್ಲಿ ನಾಯಿಗಳನ್ನು ಎರಡು ಅಂತಸ್ತಿನಲ್ಲಿ ಒಂದರ ಮೇಲೊಂದು ಜೋಡಿಸಿದ ಕ್ರೇಟ್‌ಗಳಲ್ಲಿ ದಿನದ ಬಹುಪಾಲು ಇಡುತ್ತಿದ್ದರು. 2018ರಲ್ಲಿ ಫ್ಲೋರಿಡಾದ ಮತದಾರರು ಈ ಆಟ ಬೇಡವೆಂದು ತೀರ್ಪು ಕೊಟ್ಟರು; 2020ರ ಕೊನೆಗೆ ಅಲ್ಲಿ ಓಟ ನಿಂತಿತು. ಅಲ್ಲಿಂದ ಮನೆಗೆ ಬಂದ ನಾಯಿಗೆ ಕ್ರೇಟ್ ಗೊತ್ತಿದ್ದ ಜಾಗ. ಹಾಗಾಗಿ ಅದನ್ನು ಮನೆಯಲ್ಲೂ ಇಟ್ಟು ನಿಧಾನವಾಗಿ ಬಿಡಿಸುವುದರಲ್ಲಿ ಒಂದು ತರ್ಕವಿತ್ತು.

ಬ್ರಿಟನ್ನಿನ ಕೆನಲ್‌ನ ಕತೆ ಬೇರೆ. ಇಲ್ಲಿ ಸಾಮಾನ್ಯವಾಗಿ ಮಲಗುವ ಕಟ್ಟೆ ಇರುವ ಸಣ್ಣ ಕೋಣೆ ಇರುತ್ತದೆ. ಅದರಲ್ಲಿ ಎರಡೆರಡು ನಾಯಿಗಳನ್ನು ಜೋಡಿಯಾಗಿ ಇಡುವುದು ವಾಡಿಕೆ. ಅಂದರೆ ರಾಮ್‌ಫರ್ಡಿನಲ್ಲಿ ಓಡಿ ಬಂದ ನಾಯಿಗೆ ತಂತಿಯ ಪೆಟ್ಟಿಗೆ ಹೊಸದು. ಅದಕ್ಕಿಂತ ಹೊಸದು ಒಂಟಿತನ. ಹುಟ್ಟಿದಾಗಿನಿಂದ ಪಕ್ಕದಲ್ಲಿ ಇನ್ನೊಂದು ನಾಯಿಯ ಉಸಿರು ಕೇಳಿಕೊಂಡೇ ಮಲಗಿದ ಜೀವ ಅದು. ಅದನ್ನು ಬೆಳಿಗ್ಗೆ 8ಕ್ಕೆ ಪೆಟ್ಟಿಗೆಯೊಳಗೆ ಹಾಕಿ, ಚಿಲಕ ಸರಿಸಿ, ನಾವು ಕೆನರಿ ವಾರ್ಫಿಗೆ ಟ್ರೇನ್ ಹಿಡಿದರೆ, ಎರಡು ಹೊಸ ಕಷ್ಟಗಳನ್ನು ಒಂದೇ ದಿನ ಅದರ ತಲೆಗೆ ಕಟ್ಟಿದ ಹಾಗಾಯಿತು. ಎಲ್ಲಿಯದೋ ಮದ್ದನ್ನು ಇನ್ನೆಲ್ಲಿಯದೋ ಕಾಯಿಲೆಗೆ ಕೊಡುವ ಚಾಳಿ ನಮಗೆ ಹೊಸದೇನಲ್ಲ ಬಿಡಿ!

ಚಿಲಕದ ಕಾರಣ ಯಾರದು?

ನನ್ನ ಅನಿಸಿಕೆ ಇದು: ಕ್ರೇಟ್ ಇಟ್ಟುಕೊಂಡ ಪ್ರತಿಯೊಬ್ಬರೂ ವಾರಕ್ಕೊಮ್ಮೆ, ಭಾನುವಾರ ಕಾಫಿ ಕುಡಿಯುವಾಗ, ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ವಾರ ಚಿಲಕ ಹಾಕಿದ್ದಕ್ಕೆ ಕಾರಣವೇನು? ಆ ಕಾರಣ ನಾಯಿಯದೋ, ನಮ್ಮದೋ?

"ಮೊನ್ನೆ ತಾನೇ ಆಪರೇಶನ್ ಆಗಿದೆ, ಎಗರಾಡಬಾರದು ಅಂತ ಪಶುವೈದ್ಯರು ಹೇಳಿದಾರೆ." ಇದು ನಾಯಿಯ ಕಾರಣ. "ಇನ್ನೂ ತಂತಿ, ಸಾಕ್ಸ್ ಎಲ್ಲ ಕಚ್ಚಿ ನುಂಗುತ್ತದೆ, ಹೊಟ್ಟೆಗೆ ಅಪಾಯ." ಇದೂ ನಾಯಿಯದೇ. "ಹೊಸ ಸೋಫಾ, ಕೂದಲಾಗುತ್ತದೆ." ಇದು ನಮ್ಮದು. "ನೆಂಟರು ಬರ್ತಾರೆ, ಅವರಿಗೆ ನಾಯಿ ಅಂದರೆ ಆಗಲ್ಲ." ಇದು ನಮ್ಮದು, ಅದಕ್ಕೆ ಇನ್ನೊಂದು ಕೋಣೆಯ ಬಾಗಿಲು ಸಾಕು. "ಇಷ್ಟು ದಿನ ಹಾಕಿದೀವಿ, ಏನೂ ಆಗಿಲ್ಲ." ಇದಂತೂ ಕಾರಣವೇ ಅಲ್ಲ, ಬರೀ ರೂಢಿ.

ಕಾರಣ ನಾಯಿಯದಾದರೆ ಚಿಲಕ ಇನ್ನೊಂದು ವಾರ ಇರಲಿ. ನಮ್ಮದಾದರೆ ಅದನ್ನು ತೆಗೆಯುವ ಕೆಲಸ ಆ ವಾರವೇ ಶುರುವಾಗಲಿ. "ಆರು ತಿಂಗಳಾದ ಮೇಲೆ", "ಎರಡು ವರ್ಷ ತುಂಬಿದ ಮೇಲೆ" ಅನ್ನುವ ಲೆಕ್ಕಗಳೆಲ್ಲ ಕ್ಯಾಲೆಂಡರಿನವು. ನಾಯಿ ಕ್ಯಾಲೆಂಡರ್ ನೋಡುವುದಿಲ್ಲ.

ಒಂದು ಮಾತು ನೆನಪಿರಲಿ. ಗ್ರೇಹೌಂಡ್ ಗಂಟೆಗೆ ಸುಮಾರು 65 ಕಿಲೋಮೀಟರ್ ಓಡಬಲ್ಲದು ನಿಜ. ಆದರೆ ಮನೆಯೊಳಗೆ ಅದರಷ್ಟು ಸೋಮಾರಿ ಇನ್ನೊಂದಿಲ್ಲ. ದಿನದ ಹೆಚ್ಚು ಹೊತ್ತು ನಿದ್ದೆಯೇ. ಕಾಲು ನಾಲ್ಕೂ ಮೇಲೆ ಮಾಡಿ, ಕತ್ತು ಸೋಫಾದ ಅಂಚಿನಿಂದ ಇಳಿಬಿಟ್ಟು ಮಲಗುವುದು ಅದಕ್ಕೆ ಸುಖ. ಮೈಯಲ್ಲಿ ಕೊಬ್ಬಿಲ್ಲ, ತೊಗಲು ತೆಳು. ಗಟ್ಟಿ ನೆಲ, ತಂತಿ ಒತ್ತಿದರೆ ಮೊಣಕೈಗೆ ಗಾಯವಾಗುತ್ತದೆ. ಎಷ್ಟೇ ದೊಡ್ಡ ಕ್ರೇಟ್ ತಂದರೂ 30 ಕಿಲೋದ ಈ ಉದ್ದ ಕಾಲಿನ ಪ್ರಾಣಿ ಅದರಲ್ಲಿ ಹಾಗೆ ಮೈಚೆಲ್ಲಿ ಮಲಗುವುದು ಕಷ್ಟ.

ಅಳತೆಗೋಲು ಯಾವುದು?

ಚಿಲಕ ತೆಗೆಯಲು ಹೊತ್ತು ಬಂತೋ ಇಲ್ಲವೋ ಅಂತ ತಿಳಿಯಲು ಊಹೆ ಬೇಡ. ಇವಿಷ್ಟನ್ನು ನೋಡಿ.

1. ಹೊರಗೆ ಹೋಗಬೇಕಾದಾಗ ನಾಯಿ ಅದನ್ನು ನಿಮಗೆ ತಿಳಿಸುತ್ತಿದೆಯೇ? ಕೆಲವು ವಾರಗಳಿಂದ ಮನೆಯೊಳಗೆ ಗಲೀಜಾಗಿಲ್ಲವೇ?

2. ನೀವು ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದಾಗ, ಬಾಗಿಲು ತೆರೆದ ಕ್ರೇಟಿನ ಹತ್ತಿರ ಅದು ಅರ್ಧ ಗಂಟೆ ಸುಮ್ಮನೆ ಮಲಗುತ್ತದೆಯೇ? ಅಥವಾ ನಿಮ್ಮ ಹಿಂದೆ ಹಿಂದೆಯೇ ಅಡುಗೆಮನೆ, ಬಾತ್‌ರೂಮ್ ಅಂತ ಸುತ್ತುತ್ತದೆಯೇ?

3. ನೀವು ಮನೆಯಲ್ಲಿ ಇಲ್ಲದಾಗ ಅದು ಏನು ಮಾಡುತ್ತದೆ? ಇದನ್ನು ಹಳೆಯ ಫೋನ್ ಅಥವಾ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಹಿಡಿದು ನೋಡಿ. ಸ್ವಲ್ಪ ಹೊತ್ತಿನಲ್ಲಿ ಮಲಗಿ ನಿದ್ದೆ ಹೋದರೆ ಒಳ್ಳೆಯ ಗುರುತು. ಜೊಲ್ಲು, ಏದುಸಿರು, ಅತ್ತಿಂದಿತ್ತ ಓಡಾಟ, ಊಳು, ಬಾಗಿಲು ಕೆರೆಯುವುದು ಕಂಡರೆ ಅದು ತುಂಟತನವಲ್ಲ, ಭಯ.

4. ಮನೆ ಸಿದ್ಧವಾಗಿದೆಯೇ? ನಮ್ಮ ಅಡುಗೆಮನೆಗಳಲ್ಲಿ ಇದು ಮುಖ್ಯ. ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡಕ್ಕೆ ಪೆಟ್ಟು. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು. ಕೇಸರಿಬಾತಿನ ಬಟ್ಟಲು, ನಿನ್ನೆಯ ಈರುಳ್ಳಿ ಹುಳಿಯ ಪಾತ್ರೆ, ಚಾಕೊಲೇಟು, ತಲೆನೋವಿನ ಮಾತ್ರೆ ಎಲ್ಲವೂ ಕಪಾಟಿನೊಳಗೆ ಹೋಗಬೇಕು. ಕಟ್ಟೆಯ ಮೇಲಿಟ್ಟರೆ ಸಾಲದು. ಹಿಂಗಾಲ ಮೇಲೆ ನಿಂತ ಗ್ರೇಹೌಂಡಿನ ಮೂತಿ ಯಾವ ಕಟ್ಟೆಗಾದರೂ ಮುಟ್ಟುತ್ತದೆ!

ನಾಲ್ಕಕ್ಕೂ ತೃಪ್ತಿಕರ ಉತ್ತರ ಸಿಕ್ಕಿದರೆ ಇನ್ನು ಕಾಯುವುದಕ್ಕೆ ಏನೂ ಉಳಿದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ನಮ್ಮಲ್ಲಿ ಬಹಳ ಜನ ಸಾಫ್ಟ್‌ವೇರಿನವರು. ಒಂದೇ ರಿಲೀಸಿನಲ್ಲಿ ಐದು ಬದಲಾವಣೆ ಮಾಡಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ರೇಟ್ ಬಿಡಿಸುವಾಗಲೂ ಅಷ್ಟೇ.

ಮೊದಲು ನೀವು ಮನೆಯಲ್ಲಿರುವಾಗ ಹಗಲು ಚಿಲಕ ಹಾಕಬೇಡಿ. ಬಾಗಿಲು ಗಾಳಿಗೆ ಬಡಿದು ಹೆದರಿಸದಂತೆ ಹಗ್ಗದಿಂದ ಹಿಂದಕ್ಕೆ ಕಟ್ಟಿ. ಅದು ಸರಿಹೋದ ಮೇಲೆ ರಾತ್ರಿ. ಅದೂ ಸರಿಹೋದ ಮೇಲೆ ಹೊರಗೆ ಹೋಗುವ ಅಭ್ಯಾಸ: ಕ್ರೇಟ್ ತೆರೆದಿಟ್ಟು, ಒಂದೇ ಕೋಣೆ ಬಿಟ್ಟುಕೊಟ್ಟು, ಕಸ ಹಾಕಿ ಬರುವಷ್ಟು ಹೊತ್ತು. ಆಮೇಲೆ ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ಪ್ರತಿ ಸಲವೂ ಕ್ಯಾಮೆರಾ ನೋಡಿ. ಎಲ್ಲಿ ನಾಯಿ ಹೆದರಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ, ಬೈಯಬೇಡಿ. ಕೊನೆಗೆ ಕೆಲವು ವಾರ ತೆರೆದ ಕ್ರೇಟ್ ಹಾಗೇ ಇದ್ದು, ನಾಯಿ ಅದನ್ನು ಬಿಟ್ಟು ಬೇರೆಡೆ ಮಲಗುವುದೇ ಹೆಚ್ಚಾದಾಗ ಪೆಟ್ಟಿಗೆ ಮಡಿಸಿ. ಹಾಸಿಗೆ ಮಾತ್ರ ಅದೇ ಮೂಲೆಯಲ್ಲಿರಲಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಎಚ್ಚರಿಕೆ. ಕೆಲವು ಗ್ರೇಹೌಂಡ್‌ಗಳು ನಿದ್ದೆಯಲ್ಲಿ ಯಾರಾದರೂ ಮುಟ್ಟಿದರೆ ಬೆಚ್ಚಿ ಗುರ್ರೆನ್ನುತ್ತವೆ, ಕಚ್ಚಲೂ ಬಹುದು. ಅದು ಕೆಟ್ಟ ನಾಯಿಯಲ್ಲ. ಮಲಗಿದಾಗ ಮನುಷ್ಯರ ಕೈ ತಾಗಿ ಅಭ್ಯಾಸವಿಲ್ಲದ ನಾಯಿ. ಕ್ರೇಟ್ ಹೋದ ಮೇಲೂ ಅದಕ್ಕೆ ಮಕ್ಕಳು ಕಾಲಿಡದ ಒಂದು ಮೂಲೆ ಬೇಕು. ಮೆಟ್ಟಿಲಿಗೆ ಹಾಕುವ ಮಕ್ಕಳ ಗೇಟ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಬೆಕ್ಕಿರುವ ಮನೆಗೂ ಅದೇ ಮಾತು: ಯಾರೂ ಇಲ್ಲದಾಗ ಎರಡನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ.

ಇವತ್ತೇ ನಿಲ್ಲಿಸಬೇಕಾದ ಸಂದರ್ಭ

ನಿಧಾನ ಅಂದೆನಲ್ಲ, ಅದಕ್ಕೊಂದು ಅಪವಾದವಿದೆ. ನಾಯಿ ಕ್ರೇಟಿನ ತಂತಿ ಬಗ್ಗಿಸುತ್ತಿದ್ದರೆ, ಉಗುರು ಕಿತ್ತುಕೊಂಡಿದ್ದರೆ, ಹಲ್ಲು ಮುರಿದಿದ್ದರೆ, ನೀವು ವಾಪಸ್ ಬರುವಾಗ ಎದೆಯೆಲ್ಲ ಜೊಲ್ಲಿನಿಂದ ತೊಯ್ದಿದ್ದರೆ, ಅಲ್ಲಿಗೆ ಮುಗಿಯಿತು. ಅಂಥ ನಾಯಿಗೆ ಕ್ರೇಟಿನ ಅಭ್ಯಾಸ ಮಾಡಿಸುತ್ತೇವೆ ಅನ್ನುವುದು ಮೊಂಡುತನ. ಚಿಲಕ ಹಾಕಿದರೆ ಭಯ ಹೋಗುವುದಿಲ್ಲ. ಸೋಫಾದ ಮೇಲೆ ಆಗಬಹುದಾಗಿದ್ದ ಹಾನಿ ನಾಯಿಯ ಬಾಯಿಗೆ ಆಗುತ್ತದೆ, ಅಷ್ಟೇ. ಮೊದಲು ಪಶುವೈದ್ಯರನ್ನು ಕಾಣಿ, ಅವರ ಮೂಲಕ ನಾಯಿಯ ನಡವಳಿಕೆ ಬಲ್ಲ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ಯಾರಾದರೂ ಒಬ್ಬರು ಅದರ ಜೊತೆ ಇರುವ ಏರ್ಪಾಡು ಮಾಡಿ.

ಇನ್ನೊಂದು ಕಡೆ, ಕ್ರೇಟನ್ನು ಪೂರ್ತಿ ದ್ವೇಷಿಸುವವರಿಗೂ ಒಂದು ಮಾತು. ಮೂಳೆ ಮುರಿದಾಗ ವಾರಗಟ್ಟಲೆ ಓಡಾಡದಂತೆ ನೋಡಿಕೊಳ್ಳಬೇಕಾಗುತ್ತದೆ. ಕಾರಿನಲ್ಲಿ ನಾಯಿಯನ್ನು ಕಟ್ಟಿಯೋ ಕ್ರೇಟಿನಲ್ಲೋ ಭದ್ರವಾಗಿ ಇಡಬೇಕೆಂದು ಇಲ್ಲಿಯ ಹೈವೇ ಕೋಡಿನ 57ನೆಯ ನಿಯಮ ಹೇಳುತ್ತದೆ. ಕ್ರೇಟ್ ಅಂದರೆ ಹೆದರದ ನಾಯಿಗೆ ಆ ಹೊತ್ತಿನಲ್ಲಿ ಸುಲಭ. ಆದ್ದರಿಂದ ಪೆಟ್ಟಿಗೆ ಅಟ್ಟದ ಮೇಲಿದ್ದರೆ ನಷ್ಟವಿಲ್ಲ.

ಅಜ್ಜಿ ಊರಿಗೆ ಹೊರಟಾಗ

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಸಂಗತಿಯನ್ನು ಇಂಗ್ಲಿಷ್ ಪುಸ್ತಕಗಳು ಹೇಳುವುದಿಲ್ಲ. ಅಪ್ಪ ಅಮ್ಮ ಊರಿಂದ ಬರುತ್ತಾರೆ. ಇಲ್ಲಿಯ ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು. ಮೊದಲ ವಾರ "ನಾಯಿ ಮುಟ್ಟಿದ ಕೈ ತೊಳ್ಕೊಳ್ಳೋ" ಅನ್ನುತ್ತಿದ್ದ ಅಮ್ಮ ಮೂರನೆಯ ವಾರ ಅದಕ್ಕೆ ಮೊಸರನ್ನ ಕಲಸುತ್ತಿರುತ್ತಾರೆ. ಮಧ್ಯಾಹ್ನವೆಲ್ಲ ಅಜ್ಜಿಯ ಕಾಲ ಬುಡದಲ್ಲೇ ನಿದ್ದೆ. ಕ್ರೇಟಿನ ನೆನಪೇ ಇಲ್ಲ. ನೋಡಿ, ಎಷ್ಟು ಚೆನ್ನಾಗಿ ಬಿಟ್ಟುಹೋಯಿತು ಅಂತ ನಾವೂ ಖುಷಿಪಡುತ್ತೇವೆ.

ಆಮೇಲೆ ಒಂದು ಶನಿವಾರ ಅಜ್ಜಿ ಹೀಥ್ರೋಗೆ ಹೊರಡುತ್ತಾರೆ. ಸೋಮವಾರ ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಖಾಲಿ ಮನೆಯಲ್ಲಿ ನಾಯಿ ಒಂದೇ. ಆರು ತಿಂಗಳು ಅದು ಕ್ರೇಟ್ ಬಿಟ್ಟದ್ದು ನಿಜ, ಒಂಟಿಯಾಗಿರಲು ಕಲಿತದ್ದಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಅದರ ಊಳು ಪಕ್ಕದವರಿಗೆ ಕೇಳುತ್ತದೆ, ದೂರು ಕೌನ್ಸಿಲ್‌ವರೆಗೂ ಹೋಗುತ್ತದೆ. ಆಗ ಗಾಬರಿಯಲ್ಲಿ ನಾವು ಮಾಡುವುದು ಅಟ್ಟದಿಂದ ಕ್ರೇಟ್ ಇಳಿಸಿ ಚಿಲಕ ಹಾಕುವುದು. ನಾಯಿಯ ಕಡೆಯಿಂದ ನೋಡಿದರೆ ಅಜ್ಜಿಯೂ ಹೋದಳು, ಮನೆಯೂ ಹೋಯಿತು!

ಇದನ್ನು ತಪ್ಪಿಸುವುದು ಕಷ್ಟವಲ್ಲ. ಅಪ್ಪ ಅಮ್ಮ ಇರುವಾಗಲೇ ದಿನಕ್ಕೊಮ್ಮೆ ಅವರನ್ನೂ ಪಾರ್ಕಿಗೆ ಕರೆದೊಯ್ದು ನಾಯಿಯನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಿ. ಅವರು ಹೊರಡುವ ವಾರದಲ್ಲಿ ಹೊಸ ಬದಲಾವಣೆ ಏನೂ ಬೇಡ. ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಂದ ಮೇಲೂ ಹಾಗೆಯೇ. ನಾಲ್ಕು ವಾರ ಬೋರ್ಡಿಂಗ್ ಕೆನಲ್‌ನಲ್ಲಿದ್ದು ಬಂದ ನಾಯಿಗೆ ಹಳೆಯ ಪಾಠ ಮತ್ತೊಮ್ಮೆ ಬೇಕಾಗುತ್ತದೆ.

ಲಂಡನ್ನಿನ ದಿನ ಉದ್ದ. ಎರಡು ಕಡೆಯ ಪ್ರಯಾಣ ಸೇರಿದರೆ ಹತ್ತು ಗಂಟೆ. ಆರ್‌ಎಸ್‌ಪಿಸಿಎ ಹೇಳುವುದು ನಾಯಿಯನ್ನು ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬೇಡಿ ಅಂತ. ಕ್ರೇಟ್ ಈ ಲೆಕ್ಕವನ್ನು ಬದಲಿಸುವುದಿಲ್ಲ. ಚಿಲಕ ಹಾಕಿದರೂ ಹತ್ತು ಗಂಟೆ ಹತ್ತು ಗಂಟೆಯೇ. ಮಧ್ಯಾಹ್ನ ನಡೆಸಲು ಒಬ್ಬರು, ಮನೆಯಿಂದ ಕೆಲಸ ಮಾಡುವ ದಿನಗಳ ಹಂಚಿಕೆ, ಅಥವಾ ಪಕ್ಕದ ಬೀದಿಯ ಇನ್ನೊಂದು ಕನ್ನಡದ ಮನೆಯ ಜೊತೆ ಸರದಿ: ಇವು ಸಾಧ್ಯವಿಲ್ಲದಿದ್ದರೆ ಈ ವರ್ಷ ನಾಯಿ ತರದಿರುವುದೇ ಮರ್ಯಾದೆ.

ಕಾಯಿದೆಯೂ ಕೇಳುತ್ತದೆ

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜಾರಿಯಲ್ಲಿರುವ 2006ರ ಪ್ರಾಣಿಕಲ್ಯಾಣ ಕಾಯಿದೆಯ 9ನೆಯ ಸೆಕ್ಷನ್, ಸಾಕಿದವರ ಮೇಲೆ ಐದು ಹೊಣೆ ಹೊರಿಸುತ್ತದೆ: ಸರಿಯಾದ ಜಾಗ, ಸರಿಯಾದ ಆಹಾರ, ಸಹಜವಾಗಿ ನಡೆದುಕೊಳ್ಳುವ ಅವಕಾಶ, ಬೇಕಿದ್ದರೆ ಜೊತೆ ಬೇಡವಾದರೆ ಏಕಾಂತ, ಮತ್ತು ನೋವು ಕಾಯಿಲೆಗಳಿಂದ ರಕ್ಷಣೆ. ಕ್ರೇಟ್ ಅನ್ನುವ ಪದ ಅಲ್ಲಿಲ್ಲ. ಆದರೆ ದಿನವಿಡೀ ಚಿಲಕ ಹಾಕಿದ ಪೆಟ್ಟಿಗೆ ಈ ಐದರಲ್ಲಿ ಎಷ್ಟನ್ನು ಪೂರೈಸುತ್ತದೆ ಅಂತ ನೀವೇ ಎಣಿಸಿ. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಕೂಡ ಪ್ರಾಣಿಗೆ ಸಾಕಷ್ಟು ಓಡಾಡಲು ಆಗದಷ್ಟು ಚಿಕ್ಕ ಪಂಜರವನ್ನು ಕ್ರೌರ್ಯ ಅನ್ನುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಈಗ ಕ್ರೇಟ್ ಬಂದಿರುವುದರಿಂದ ಊರಿನ ಗೆಳೆಯರೂ ಇದನ್ನು ತಿಳಿದಿದ್ದರೆ ಒಳ್ಳೆಯದು.

ಈ ಜಾತಿ ನಮಗೆ ಹೊಸದಲ್ಲ

ಕಣ್ಣಿನಿಂದ ಬೇಟೆ ಕಂಡು ಓಟದಿಂದ ಹಿಡಿಯುವ ನಾಯಿಗಳ ಬಳಗ ನಮ್ಮ ನಾಡಿನಲ್ಲೂ ಇದೆ. ರನ್ನನ ಊರಾದ ಮುಧೋಳದ ನಾಯಿ ಅದೇ ಬಳಗದ್ದು. ಅಲ್ಲಿಯ ಅರಸ ಮಾಲೋಜಿರಾವ್ ಘೋರ್ಪಡೆ ದೊರೆ ಐದನೆಯ ಜಾರ್ಜ್‌ಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆ ಕೊಟ್ಟದ್ದು ಪ್ರಸಿದ್ಧ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಹೊಲ, ಅಂಗಳ, ಬಯಲಿನ ನಾಯಿ ಅದು. ಈಗ ಅದೂ ಫ್ಲ್ಯಾಟುಗಳಿಗೆ ಬರುತ್ತಿದೆ. ಹಾಗಾಗಿ ಲಂಡನ್ನಿನಲ್ಲಿ ಗ್ರೇಹೌಂಡಿನಿಂದ ಕಲಿತ ಪಾಠ ಮುಧೋಳದ ನಾಯಿಗೂ ಉಪಯೋಗಕ್ಕೆ ಬರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಸುಮಾರು ಕ್ರಿ.ಶ. 949-950ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಕಾಡುಹಂದಿಯ ಜೊತೆ ಹೋರಾಡಿ ಕಾಳಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡಿನವರು ನಾವು. ಓಡಿ ಓಡಿ ಸುಸ್ತಾಗಿ ಬಂದ ಒಂದು ಗ್ರೇಹೌಂಡಿಗೆ ಹಾಲಿನ ಮೂಲೆಯಲ್ಲಿ ಚಿಲಕವಿಲ್ಲದ ಹಾಸಿಗೆ ಕೊಡುವುದು ನಮಗೆ ದೊಡ್ಡದೇ?

ನಿಮ್ಮ ಮನೆಯಲ್ಲೋ, ಗೆಳೆಯರ ಮನೆಯಲ್ಲೋ ಕ್ರೇಟ್ ಇದ್ದರೆ ಈ ಭಾನುವಾರ ಆ ಒಂದು ಪ್ರಶ್ನೆ ಕೇಳಿ ನೋಡಿ. ಚಿಲಕದ ಕಾರಣ ಯಾರದು? ಉತ್ತರ "ನಮ್ಮದು" ಅಂತ ಬಂದರೆ, ಒಂದು ಹಗ್ಗದ ತುಂಡು ಹುಡುಕಿ ಬಾಗಿಲನ್ನು ಹಿಂದಕ್ಕೆ ಕಟ್ಟಿ. ಮಿಕ್ಕ ಹೆಜ್ಜೆಗಳನ್ನು ನಾಯಿಯ ವೇಗಕ್ಕೆ ಬಿಡಿ.

ಏನಂತೀರಿ?